ಬೆಟ್ಟ ಹತ್ತುವ ದಾರಿ ಮುಚ್ಚಿದ ಮೇಲೆ

ಮಲೆನಾಡಿನ ಮೂಡಿಗೆರೆ ಕಡೆಯ ಜಾವಳಿಯಲ್ಲಿ ಹೇಮಾವತಿ ಇನ್ನೂ ನದಿಯಾಗಿಲ್ಲ. ಬಲ್ಲಾಳರಾಯನ ದುರ್ಗದ ಮಗ್ಗುಲಲ್ಲಿ ಒಸರುವ ನೀರು, ಪಕ್ಕದಲ್ಲೊಂದು ಗಣಪತಿ ಗುಡಿ, ಸುತ್ತ ಕಾಡು, ಕಾಡಿನಾಚೆ ಕಾಫಿ ತೋಟ. ಹುಟ್ಟುವ ಜಾಗದಲ್ಲಿ ಆ ನೀರಿಗೆ ಒಡೆಯರಿಲ್ಲ. ತುಸು ಕೆಳಗಿಳಿದರೆ ಅದು ಹಳ್ಳವಾಗುತ್ತದೆ. ಹಳ್ಳಕ್ಕೆ ಯಾರೋ ಕಟ್ಟೆ ಕಟ್ಟುತ್ತಾರೆ, ನೀರು ಗದ್ದೆಗೆ ತಿರುಗುತ್ತದೆ. ಮೇಲಿನ ಗದ್ದೆಯವನು ಬಿಟ್ಟರೆ ಕೆಳಗಿನ ಗದ್ದೆಯವನಿಗೆ ನೀರು, ಇಲ್ಲದಿದ್ದರೆ ಇಲ್ಲ. ಇದೇ ನೀರು ಸುಮಾರು 245 ಕಿಲೋಮೀಟರ್ ಹರಿದು ಕಾವೇರಿ ಸೇರುವಷ್ಟರಲ್ಲಿ ಗೊರೂರಿನ ಅಣೆಕಟ್ಟು, ನಾಲೆ, ಎಂಜಿನಿಯರು, ನೀರಗಂಟಿ, ಕೊನೆಯಂಚಿನ ರೈತರ ಧರಣಿ ಎಲ್ಲವನ್ನೂ ಕಂಡಿರುತ್ತದೆ.

ಮನುಷ್ಯರಲ್ಲಿ ಉಳ್ಳವರು, ಇಲ್ಲದವರು ಎಂಬ ಮೆಟ್ಟಿಲುಗಳು ಹೇಗೆ ಹುಟ್ಟಿದವು ಎಂದು ಕೇಳಿದರೆ ಶಾಲೆಯ ಪುಸ್ತಕದಲ್ಲೊಂದು ಉತ್ತರವಿದೆ. ಜನ ಬೇಟೆ ಬಿಟ್ಟು ಬೇಸಾಯ ಹಿಡಿದರು. ಬೆಳೆ ಉಂಡು ಮಿಕ್ಕಿತು. ಮಿಕ್ಕ ಧಾನ್ಯದಿಂದ ಉಳದವರೂ ಬದುಕುವಂತಾಯಿತು. ಹಾಗೆ ಪೂಜಾರಿ, ಸೈನಿಕ, ಅರಸ, ಲೆಕ್ಕ ಬರೆಯುವವನು ಹುಟ್ಟಿಕೊಂಡರು. ಪುರಾತತ್ವಜ್ಞ ಗಾರ್ಡನ್ ಚೈಲ್ಡ್ 1950ರಲ್ಲಿ ‘ನಗರ ಕ್ರಾಂತಿ’ ಕುರಿತು ಬರೆದ ಪ್ರಸಿದ್ಧ ಲೇಖನದ ತಿರುಳೂ ಹೆಚ್ಚುಕಡಿಮೆ ಇದೇ. ಅದಕ್ಕೂ ಮೊದಲು, 1884ರಲ್ಲಿ, ಎಂಗೆಲ್ಸ್ ಇದಕ್ಕೆ ಖಾಸಗಿ ಆಸ್ತಿ ಮತ್ತು ಕುಟುಂಬದ ಕತೆಯನ್ನು ಹೆಣೆದಿದ್ದರು.

ಉತ್ತರ ತಪ್ಪೇನಲ್ಲ, ಆದರೆ ನಡುವಿನ ಒಂದು ಕೊಂಡಿ ಕಳಚಿದೆ. ಬೆಳೆ ಮಿಕ್ಕಿದ್ದು ಬೆಳೆದವನ ಮನೆಯಲ್ಲಿ. ಅದು ಇನ್ನೊಬ್ಬನ ಕಣಜಕ್ಕೆ ಹೋದದ್ದು ಹೇಗೆ? ಬೆಳೆದವನು ಯಾಕೆ ಕೊಟ್ಟ? ಅದಕ್ಕಿಂತ ಮುಖ್ಯವಾಗಿ, ಕೇಳಲು ಬಂದವನಿಗೆ ಬೆನ್ನು ತಿರುಗಿಸಿ ಹೆಂಡತಿ ಮಕ್ಕಳೊಡನೆ ಮುಂದಿನ ಕಣಿವೆಗೆ ಯಾಕೆ ಹೋಗಲಿಲ್ಲ?

ಈ ಕೊನೆಯ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡವರು ಅಮೆರಿಕದ ಮಾನವಶಾಸ್ತ್ರಜ್ಞ ರಾಬರ್ಟ್ ಕಾರ್ನೀರೊ. 1970ರ ಅವರ ಲೇಖನ ಪೆರು ದೇಶದ ಕರಾವಳಿಯ ಸಣ್ಣ ಸಣ್ಣ ನದಿ ಕಣಿವೆಗಳನ್ನು ನೋಡುತ್ತದೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಬೆಟ್ಟ, ಉಳಿದ ಎರಡೂ ಕಡೆ ಮರುಭೂಮಿ. ಜಗಳದಲ್ಲಿ ಸೋತ ಊರಿನವರಿಗೆ ಓಡಿಹೋಗಲು ಜಾಗವಿರಲಿಲ್ಲ. ಗೆದ್ದವರ ಕೆಳಗೆ ಬಾಳುವುದೊಂದೇ ಉಳಿದದ್ದು. ಅಮೆಜಾನ್ ಕಾಡಿನಲ್ಲೂ ಜಗಳಗಳಿದ್ದವು, ಸೋಲು ಗೆಲುವುಗಳಿದ್ದವು. ಸೋತವರು ಕಾಡಿನೊಳಗೆ ಇನ್ನಷ್ಟು ದೂರ ಹೋಗಿ ಹೊಸ ಜಾಗ ಕಡಿದುಕೊಂಡರು. ಅಲ್ಲಿ ಅರಸರು ಹುಟ್ಟಲಿಲ್ಲ. ಕಾರ್ನೀರೊ ವಾದಕ್ಕೆ ಆಕ್ಷೇಪಗಳು ಬಹಳ ಬಂದಿವೆ. ಆದರೂ ಮೂಡಿಗೆರೆ, ಕಳಸದ ಸೀಮೆಯನ್ನು ಕಂಡವರಿಗೆ ಅದರಲ್ಲೊಂದು ದಿಟ ಕಾಣುತ್ತದೆ. ವರ್ಗ ಹುಟ್ಟುವುದು ಒಬ್ಬನ ಬಳಿ ಹೆಚ್ಚು ಸೇರಿದಾಗಲ್ಲ, ಇನ್ನೊಬ್ಬನಿಗೆ ಬಿಟ್ಟುಹೋಗುವ ದಾರಿ ಮುಚ್ಚಿದಾಗ. ಈ ಬೆಟ್ಟಗಳಲ್ಲಿ ಆ ದಾರಿ ಒಮ್ಮೆಲೇ ಮುಚ್ಚಲಿಲ್ಲ. ಸಾವಿರಾರು ವರ್ಷ ತೆಗೆದುಕೊಂಡು ಒಂದೊಂದೇ ಕಡೆಯಿಂದ ಮುಚ್ಚುತ್ತ ಬಂತು. ಹಾಗಾಗಿ ಬೇರೆಡೆ ಮಣ್ಣಿನಡಿ ಹೂತುಹೋದ ಕತೆ ಇಲ್ಲಿ ಒಂದಿಷ್ಟು ಕಣ್ಣಿಗೆ ಕಾಣುವಂತೆ ಉಳಿದಿದೆ.

ಬೂದಿ ದಿಬ್ಬ, ಕಲ್ಲುಮನೆ

ಹಳೆಯದರಿಂದ ಶುರುಮಾಡಲು ಬಯಲುಸೀಮೆಗೆ ಇಳಿಯಬೇಕು. ಬಳ್ಳಾರಿಯ ಸಂಗನಕಲ್ಲು, ತೆಕ್ಕಲಕೋಟೆ, ಯಾದಗಿರಿ ಕಡೆಯ ಬೂದಿಹಾಳಗಳಲ್ಲಿ ನಾಲ್ಕೈದು ಸಾವಿರ ವರ್ಷಗಳ ಹಿಂದೆ ದನ ಸಾಕಿ, ಕಾಳು ಬೆಳೆದು ಬಾಳಿದ ಜನರ ನೆಲೆಗಳು ಸಿಕ್ಕಿವೆ. ಅವರು ಬಿಟ್ಟುಹೋದ ದೊಡ್ಡ ಗುರುತು ಬೂದಿ ದಿಬ್ಬ. ಸಗಣಿಯನ್ನು ಕೂಡಿಹಾಕಿ, ಸುಟ್ಟು, ಮತ್ತೆ ಕೂಡಿಹಾಕಿ ಬೆಳೆದ ದಿಬ್ಬಗಳವು. ಆ ಕಾಲದ ಸಿರಿಯೆಂದರೆ ದನ. ಆದರೆ ಗುಡಿಸಲುಗಳ ಅವಶೇಷಗಳ ನಡುವೆ ಇದು ಅರಮನೆ ಎಂದು ಬೊಟ್ಟು ಮಾಡಿ ತೋರಿಸುವಂಥದ್ದು ಯಾವುದೂ ಇಲ್ಲ. ಹೆಚ್ಚು ದನ ಇದ್ದವನು ಹೆಚ್ಚು ಜನರಿಗೆ ಉಣ್ಣಿಸಿದ್ದಾನು, ಹೆಚ್ಚು ಮಾತು ನಡೆಸಿದ್ದಾನು. ಮುಂದಿನ ಬರಗಾಲದಲ್ಲೋ ರೋಗದಲ್ಲೋ ಅವನ ಕೊಟ್ಟಿಗೆ ಬರಿದಾದರೆ ಮಾತೂ ನಿಂತಿರುತ್ತದೆ. ಕಾಲಿರುವ ಆಸ್ತಿಯನ್ನು ನಂಬಿ ವಂಶಪಾರಂಪರ್ಯ ದೊಡ್ಡಸ್ತಿಕೆ ಕಟ್ಟುವುದು ಕಷ್ಟ.

ಕಬ್ಬಿಣ ಬಂದ ಕಾಲಕ್ಕೆ ಚಿತ್ರ ಬದಲಾಗುತ್ತದೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಬೆಟ್ಟದ ಮೇಲೆ ಬಂಡೆಯ ಹಾಸುಗಳನ್ನು ನಿಲ್ಲಿಸಿ ಮೇಲೆ ಚಪ್ಪಡಿ ಮುಚ್ಚಿದ ನೂರಾರು ಕಲ್ಗೋರಿಗಳಿವೆ. ಸುತ್ತಲಿನವರು ಅವನ್ನು ಮೊರೇರ ಮನೆ ಎನ್ನುತ್ತಾರೆ. ಕೆಲವು ಮೊಣಕಾಲೆತ್ತರ, ಕೆಲವು ಆಳೆತ್ತರಕ್ಕೂ ಮೀರಿದವು. 2021ರಲ್ಲಿ ಯುನೆಸ್ಕೊ ತಾತ್ಕಾಲಿಕ ಪಟ್ಟಿಗೆ ಸೇರಿದ ಮೇಲೆ ಪ್ರವಾಸಿಗರು ಹೆಚ್ಚಾಗಿ ದೊಡ್ಡವನ್ನೇ ನೋಡಿ ಬರುತ್ತಾರೆ. ನನ್ನ ಮಟ್ಟಿಗೆ ಸಣ್ಣವೇ ಮುಖ್ಯ. ಎಲ್ಲ ಸತ್ತವರಿಗೂ ಒಂದೇ ಅಳತೆಯ ಮನೆ ಸಿಗದ ಕಾಲ ಬಂದಿತ್ತು ಎಂಬುದಕ್ಕೆ ಅವೇ ಸಾಕ್ಷಿ. ಇಲ್ಲಿ ವರ್ಷಗಟ್ಟಲೆ ಅಧ್ಯಯನ ಮಾಡಿದ ಆಂಡ್ರ್ಯೂ ಬಾವರ್ ಎಂಬ ಪುರಾತತ್ವಜ್ಞರು ಗೋರಿಗಳಷ್ಟೇ ಗಮನವನ್ನು ಬಂಡೆಯ ಮೇಲಿನ ನೀರಿನ ಗುಂಡಿಗಳಿಗೂ ಕೊಟ್ಟರು. ಕಲ್ಲು ಕಿತ್ತ ಜಾಗವನ್ನೇ, ಮಳೆನೀರು ನಿಲ್ಲುವ ತಗ್ಗನ್ನೇ ಕೊಳವಾಗಿ ಮಾಡಿಕೊಂಡಿದ್ದರು. ದನ ಕಾಯುವವರ ನಾಡಿನಲ್ಲಿ ಬೇಸಗೆಯ ನೀರು ಯಾರ ಕೈಯಲ್ಲಿದೆ ಎಂಬುದೇ ದೊಡ್ಡ ಪ್ರಶ್ನೆ. ದನ ಹೊಡೆದುಕೊಂಡು ಹೋಗಬಹುದು, ಕೊಳ ಹೊತ್ತುಕೊಂಡು ಹೋಗಲಾಗದು.

ದೊಡ್ಡ ಗೋರಿ ಕಂಡ ತಕ್ಷಣ ಒಳಗೆ ರಾಜ ಮಲಗಿದ್ದಾನೆ ಎಂದುಕೊಳ್ಳುವುದೂ ಆತುರವೇ. ಬಲ್ಗೇರಿಯದ ವಾರ್ನಾದಲ್ಲಿ 1972ರಲ್ಲಿ ಸಿಕ್ಕ ಸ್ಮಶಾನದಲ್ಲಿ ಆರೂವರೆ ಸಾವಿರ ವರ್ಷಗಳ ಹಿಂದೆಯೇ ಕೆಲವೇ ಹೆಣಗಳ ಮೇಲೆ ರಾಶಿ ಚಿನ್ನ ಹೇರಿದ್ದಾರೆ. ಮುಂದೆ ಅಲ್ಲಿ ರಾಜ್ಯವೇನೂ ಬೆಳೆಯಲಿಲ್ಲ. ಮೆಟ್ಟಿಲು ಕಟ್ಟಿದ್ದು ಮತ್ತೆ ಕುಸಿದದ್ದೂ ಉಂಟು. ಡೇವಿಡ್ ಗ್ರೇಬರ್ ಮತ್ತು ಡೇವಿಡ್ ವೆಂಗ್ರೋ 2021ರ ತಮ್ಮ ದೊಡ್ಡ ಪುಸ್ತಕದಲ್ಲಿ ಒತ್ತಿ ಹೇಳಿದ್ದು ಇದನ್ನೇ: ಹಳೆಯ ಜನ ಮೇಲುಕೀಳನ್ನು ಕಟ್ಟಿದ್ದಾರೆ, ಕೆಡವಿದ್ದಾರೆ, ಹಂಗಾಮಿಗೊಮ್ಮೆ ಬದಲಿಸಿದ್ದಾರೆ. ಹಾಗಾದರೆ ಅದು ಕೆಡವಲಾಗದಂತೆ ಗಟ್ಟಿಯಾದದ್ದು ಎಲ್ಲಿ?

ಮಳೆಗಾಲದ ಕಣಜ

ಮಲೆನಾಡಿನ ಮಟ್ಟಿಗೆ ನನ್ನ ಗುಮಾನಿ ಕಣಜದ ಮೇಲೆ.

ಜಾವಳಿ, ಸುಂಕಸಾಲೆ, ಕಳಸದ ಕಡೆ ನೆಲದ ಲೆಕ್ಕವೇ ಬೇರೆ. ಬೆಟ್ಟ ಬೇಕಾದಷ್ಟು, ಸಮತಟ್ಟು ಬೆರಳೆಣಿಕೆ. ಎರಡು ಗುಡ್ಡಗಳ ನಡುವೆ ಹಳ್ಳ ಹರಿಯುವ ಸಪೂರ ಜಾಗವೇ ಬೈಲುಗದ್ದೆ. ಅದರ ಮೇಲೆ ಇಳಿಜಾರಿನಲ್ಲಿ ಮಕ್ಕಿಗದ್ದೆ. ಬೈಲಿನಲ್ಲಿ ಗೊಬ್ಬರದ ಸತ್ವವೂ ನೀರೂ ತಾವಾಗಿ ಬಂದು ನಿಲ್ಲುತ್ತವೆ. ಮಕ್ಕಿ ಮಳೆ ನಂಬಿದ್ದು. ಮೊದಲು ಬಂದ ಮನೆತನ ಬೈಲು ಹಿಡಿಯಿತು, ಆಮೇಲೆ ಬಂದದ್ದು ಮಕ್ಕಿ ಕಡಿಯಿತು. ಇಷ್ಟರಿಂದಲೇ ಯಾರೂ ಯಾರಿಗೂ ಒಡೆಯರಾಗುವುದಿಲ್ಲ. ಆದರೆ ಆರಿದ್ರಾ ಹಿಡಿದು ಪುಷ್ಯ, ಆಶ್ಲೇಷ ಮಳೆಗಳು ಒಂದರ ಹಿಂದೊಂದು ಹೊಡೆಯುವ ಹೊತ್ತಿಗೆ ಹೋದ ವರ್ಷದ ಭತ್ತ ಯಾರ ಮನೆಯಲ್ಲಿ ಉಳಿದಿದೆ ಎಂಬುದು ತಿಳಿದುಹೋಗುತ್ತದೆ. ನಾಟಿಗೆ ಬೀಜವೂ ಬೇಕು, ಹೊಟ್ಟೆಗೆ ಗಂಜಿಯೂ ಬೇಕು. ಬೈಲಿನ ಮನೆಯಿಂದ ಕೊಳಗ ಅಳೆದು ತಂದ ಭತ್ತಕ್ಕೆ ಸುಗ್ಗಿಯಲ್ಲಿ ಬಡ್ಡಿಭತ್ತ ಸೇರಿಸಿ ಕೊಡಬೇಕು. ಕೊಡಲಾಗದ ವರ್ಷ ಆಳಾಗಿ ದುಡಿಯಬೇಕು. ಆಳಾಗಿ ದುಡಿದರೆ ತನ್ನ ಮಕ್ಕಿಗೆ ಹೊತ್ತಿಗೆ ಸರಿಯಾಗಿ ನಾಟಿಯಾಗುವುದಿಲ್ಲ. ಮುಂದಿನ ಆಷಾಢಕ್ಕೆ ಸಾಲ ಇನ್ನೂ ಬೇಗ ಬೇಕಾಗುತ್ತದೆ. ಕತ್ತಿ, ಕುದುರೆ, ಕೋಟೆ ಯಾವುದೂ ಇಲ್ಲದೆ, ಒಂದೇ ಊರಿನ ಎರಡು ಮನೆಗಳ ನಡುವೆ ಅಳತೆಯ ಕೊಳಗ ಮಾತ್ರ ಓಡಾಡಿ ಒಬ್ಬ ಧಣಿಯೂ ಒಬ್ಬ ಆಳೂ ಹುಟ್ಟುವ ಬಗೆ ಇದು.

ಮೆಸೊಪೊಟೇಮಿಯದ ಉರುಕ್ ಪಟ್ಟಣದಲ್ಲಿ ಸಿಕ್ಕ ಜಗತ್ತಿನ ಅತಿ ಹಳೆಯ ಬರಹಗಳಲ್ಲಿ ಬಹುಪಾಲು ಕಾವ್ಯವೂ ಅಲ್ಲ, ಪ್ರಾರ್ಥನೆಯೂ ಅಲ್ಲ. ಎಷ್ಟು ಬಾರ್ಲಿ ಬಂತು, ಯಾರಿಗೆ ಎಷ್ಟು ಪಡಿ ಹೋಯಿತು ಎಂಬ ಲೆಕ್ಕ. ಅಕ್ಷರಕ್ಕೂ ಕಣಜಕ್ಕೂ ಇರುವ ಈ ನಂಟು ಅಕ್ಷರ ಬಲ್ಲ ನಮ್ಮಂಥವರಿಗೆ ಸ್ವಲ್ಪ ಮುಜುಗರದ್ದೇ.

ಜೇಮ್ಸ್ ಸ್ಕಾಟ್ 2017ರ ಪುಸ್ತಕದಲ್ಲಿ ಕೇಳಿದ ಒಂದು ಸರಳ ಪ್ರಶ್ನೆ ಇಲ್ಲಿಗೆ ಹೊಂದುತ್ತದೆ. ಮೊದಲ ರಾಜ್ಯಗಳೆಲ್ಲ ಗೋಧಿ, ಬಾರ್ಲಿ, ಭತ್ತ, ಮೆಕ್ಕೆಜೋಳದ ಮೇಲೆಯೇ ಯಾಕೆ ನಿಂತವು, ಗೆಡ್ಡೆ ಗೆಣಸಿನ ಮೇಲೆ ಯಾಕೆ ನಿಲ್ಲಲಿಲ್ಲ? ಧಾನ್ಯ ನೆಲದ ಮೇಲೆ ಕಾಣುತ್ತದೆ, ಒಂದೇ ಸಲ ಹಣ್ಣಾಗುತ್ತದೆ, ಅಳೆಯಬಹುದು, ಹೊರಬಹುದು, ವರ್ಷಗಟ್ಟಲೆ ಇಡಬಹುದು. ಸುಂಕದವನಿಗೆ ಇದಕ್ಕಿಂತ ಅನುಕೂಲದ ಬೆಳೆ ಇನ್ನಿಲ್ಲ. ಮಣ್ಣಿನೊಳಗಿನ ಕೆಸುವಿನ ಗೆಡ್ಡೆಯನ್ನು ಹುಡುಕಿ, ಎಣಿಸಿ, ಪಾಲು ಕೇಳುವುದು ಯಾವ ಅರಸನಿಗೂ ಆಗದ ಮಾತು. ಮಲೆನಾಡಿನ ಕಾಡು ಗೆಣಸು, ಕಳಲೆ, ಹಲಸು, ಬಗನಿ ಮರದ ಹಿಟ್ಟು, ಜೇನು ಎಲ್ಲ ಆ ಜಾತಿಯವೇ. ಹೊಟ್ಟೆ ತುಂಬಿಸುತ್ತವೆ ಎಂದಲ್ಲ, ಅಂಗಲಾಚದೆ ಒಂದು ಮಳೆಗಾಲ ದಾಟಿಸುತ್ತವೆ.

ಹಾಗಾಗಿ ಇಲ್ಲಿ ಧಣಿಯ ಬಿಗಿಗೆ ಬಹುಕಾಲ ಒಂದು ಮಿತಿ ಇತ್ತು. ತೀರಾ ಬಿಗಿದರೆ ಆಳು ಬೆಟ್ಟ ಹತ್ತುತ್ತಿದ್ದ. ಕಾಡು ಕಡಿದು ಸುಟ್ಟು ಒಂದೆರಡು ವರ್ಷ ರಾಗಿ, ನೆಲ್ಲು ಬೆಳೆದು ಮತ್ತೊಂದು ಜಾಗಕ್ಕೆ ಹೋಗುವ ಕುಮರಿ ಬೇಸಾಯಕ್ಕೆ ಎತ್ತೂ ಬೇಡ, ಬೈಲೂ ಬೇಡ, ಯಾರ ಅಪ್ಪಣೆಯೂ ಬೇಡ. ಘಟ್ಟದ ನೆತ್ತಿಯಲ್ಲಿ ಬಾಳಿದ ಮಲೆಕುಡಿಯರಂಥ ಸಮುದಾಯಗಳನ್ನು ‘ಹಿಂದುಳಿದವರು’ ಎಂದು ಕರೆಯುವ ಮುನ್ನ, ಕೆಳಗಿನ ಮೆಟ್ಟಿಲುಗಳ ಮೇಲೆ ಕಾಲಿಡಲು ಒಪ್ಪದವರೂ ಅವರಲ್ಲಿ ಇದ್ದಿರಬಹುದು ಎಂದು ಯೋಚಿಸಬೇಕು. ಆಗ್ನೇಯ ಏಷ್ಯದ ಬೆಟ್ಟದ ಜನರ ಬಗ್ಗೆ ಸ್ಕಾಟ್ ಮಾಡಿದ ಇಂಥದೇ ವಾದ ಪ್ರಸಿದ್ಧವಾಗಿದೆ.

ಕತ್ತಿಗೆ ಸಿಕ್ಕ ಗದ್ದೆ

ಮೂಡಿಗೆರೆಯಿಂದ ಕೆಳಗಿಳಿದು ಬೇಲೂರು ತಾಲ್ಲೂಕು ಹೊಕ್ಕರೆ ಹಲ್ಮಿಡಿ. ಅಲ್ಲಿನ ಶಾಸನವನ್ನು 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಸುಮಾರು ಕ್ರಿ.ಶ. 450ರದು ಎಂಬುದು ಬಹುಮಂದಿ ಒಪ್ಪಿದ ಕಾಲ. ಕನ್ನಡದ ಹಿರಿಯ ಶಾಸನ ಎಂದು ನಾವೆಲ್ಲ ಅದರ ಭಾಷೆಯನ್ನು ಕೊಂಡಾಡಿದ್ದೇವೆ, ಹೇಳುವ ವಿಷಯವನ್ನು ಅಷ್ಟಾಗಿ ಗಮನಿಸಿಲ್ಲ. ಕದಂಬರ ಕಾಲದಲ್ಲಿ ಯುದ್ಧದಲ್ಲಿ ಮೆರೆದ ವಿಜ ಅರಸ ಎಂಬವನಿಗೆ ಹಲ್ಮಿಡಿ ಮತ್ತು ಮೂಳಿವಳ್ಳಿ ಊರುಗಳನ್ನು ‘ಬಾಳ್ಗಳ್ಚು’ ಆಗಿ ಕೊಟ್ಟದ್ದು ಅದರ ಸಾರ. ನೆತ್ತರಾದ ಕತ್ತಿ ತೊಳೆದದ್ದಕ್ಕೆ ಸಂದ ಉಂಬಳಿ ಅದು. ಕಲ್ಲಿನ ಬದಿಯಲ್ಲಿ ಗದ್ದೆಯ ಮಾತು ಬರುತ್ತದೆ, ಹತ್ತರಲ್ಲೊಂದು ಪಾಲನ್ನು ತೆರಿಗೆಯಿಲ್ಲದೆ ಬಿಟ್ಟ ಮಾತು ಬರುತ್ತದೆ. ಕಾದುವವನು, ಅವನಿಗೆ ಕೊಡುವ ದೊಡ್ಡವನು, ತೆರಿಗೆ ಬಿಟ್ಟ ಪಾಲು ಪಡೆಯುವವನು, ಆ ಗದ್ದೆ: ಎಲ್ಲರೂ ಎಲ್ಲವೂ ಹದಿನಾರು ಸಾಲಿನ ಆ ಪುಟ್ಟ ಬರಹದಲ್ಲಿ ಬಂದುಹೋಗುತ್ತಾರೆ. ಗದ್ದೆ ಉಳುವವನು ಮಾತ್ರ ಬರುವುದಿಲ್ಲ. ಹಲ್ಮಿಡಿಯ ಜನರನ್ನು ಯಾರೂ ಗೆದ್ದಿರಲಿಲ್ಲ. ಎಲ್ಲೋ ನಡೆದ ಕಾಳಗದ ಲೆಕ್ಕ ಚುಕ್ತಾ ಮಾಡಲು ಅವರ ಊರನ್ನು ಬಳಸಿಕೊಳ್ಳಲಾಯಿತು.

ಅಲ್ಲಿಂದ ಮುಂದಿನ ಎಂಟುನೂರು ವರ್ಷ ಕನ್ನಡನಾಡಿನ ತುಂಬ ವೀರಗಲ್ಲುಗಳು ಎದ್ದವು. ಕೆಳಗಿನ ಹಂತದಲ್ಲಿ ಕಾಳಗ, ನಡುವೆ ಅಪ್ಸರೆಯರು ಹೊತ್ತೊಯ್ಯುವುದು, ಮೇಲೆ ದೇವರ ಸನ್ನಿಧಿ. ಎಷ್ಟೋ ಕಲ್ಲುಗಳ ಕತೆ ತುರುಗೋಳು: ಊರಿನ ದನ ಹೊಡೆದುಕೊಂಡು ಹೋದವರನ್ನು ಅಡ್ಡಗಟ್ಟಿ ಸತ್ತವರ ನೆನಪು. ಸತ್ತವನ ಮನೆಯವರಿಗೆ ಭೂಮಿ ಬಿಟ್ಟರು. ಊರಿಗಾಗಿ ಸತ್ತವನ ಮಕ್ಕಳನ್ನು ಊರು ಸಾಕಿದ್ದು ನ್ಯಾಯವೇ. ಆದರೆ ಹಾಗೆ ಬಿಟ್ಟ ಭೂಮಿ ಮೊಮ್ಮಕ್ಕಳ ಕಾಲಕ್ಕೆ ಹಕ್ಕಾಗುತ್ತದೆ, ಅವರ ಮೊಮ್ಮಕ್ಕಳ ಕಾಲಕ್ಕೆ ಹುಟ್ಟಾಗುತ್ತದೆ. ಅಜ್ಜನ ಸಾವು ಮರಿಮಗನ ದರ್ಪವಾಗಲು ನೂರು ವರ್ಷ ಸಾಕು.

ಯಾರ ಹೆಸರು ಕಲ್ಲಿಗೆ ಬರುತ್ತದೆ ಎಂಬುದಕ್ಕೆ ಮಂಡ್ಯದ ಆತಕೂರಿನ ಕಲ್ಲಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಹತ್ತನೆಯ ಶತಮಾನದ ನಡುವಿನದು. ಮನಲೆರ ಎಂಬ ವೀರ ತನ್ನ ಶೌರ್ಯಕ್ಕೆ ಪ್ರತಿಯಾಗಿ ಗಂಗ ಬೂತುಗನಿಂದ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಆ ನಾಯಿ ಹಂದಿಯೊಡನೆ ಕಾದಾಡಿ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿದರು, ಪೂಜೆಗೆ ಭೂಮಿ ಬಿಟ್ಟರು. ನಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಆ ಭೂಮಿಯನ್ನು ಉತ್ತವರ ಹೆಸರೂ ನಾಯಿಯ ಹೆಸರಿನ ಪಕ್ಕ ಇದ್ದಿದ್ದರೆ ಚೆನ್ನಾಗಿತ್ತು.

ಇನ್ನು ಸೊಸೆವೂರು. ಮೂಡಿಗೆರೆ ತಾಲ್ಲೂಕಿನ ಇಂದಿನ ಅಂಗಡಿ ಗ್ರಾಮ. ವಾಸಂತಿಕಾ ದೇವಿಯ ಗುಡಿ, ಹಳೆಯ ಬಸದಿಗಳು, ಕುಸಿದ ಹೊಯ್ಸಳ ದೇಗುಲಗಳು ಅಲ್ಲಿವೆ. ಸುದತ್ತ ಮುನಿ ಕೂಗಿದ, ಸಳ ಹುಲಿಯನ್ನು ಹೊಯ್ದ ಎಂಬುದು ಎಲ್ಲರೂ ಬಲ್ಲ ಕತೆ. ಕತೆಯಲ್ಲಿ ಹುಲಿ ಸಾಯುವುದು ಒಂದು ಸಲ. ಮುಂದಿನ ವರ್ಷ ಊರವರು ಸಳನಿಗೆ ಏನು ಕೊಟ್ಟರು, ಅದರ ಮುಂದಿನ ವರ್ಷ ಯಾಕೆ ಕೊಟ್ಟರು ಎಂದು ಮಕ್ಕಳು ಕೇಳುವುದಿಲ್ಲ, ಮೇಷ್ಟರೂ ಹೇಳುವುದಿಲ್ಲ. ನನಗೆ ಅರಸೊತ್ತಿಗೆ ಕಾಣುವುದು ಹುಲಿಯ ಮೇಲೆತ್ತಿದ ಕೈಯಲ್ಲಲ್ಲ, ಹುಲಿಯಿಲ್ಲದ ವರ್ಷವೂ ಕೊಡುತ್ತಿದ್ದ ಕಾಣಿಕೆಯಲ್ಲಿ.

ಹೊಯ್ಸಳರು ತಮ್ಮನ್ನು ಮಲೆಪರೊಳ್ಗಂಡ ಎಂದು ಕರೆದುಕೊಂಡರು. ಬೆಟ್ಟದ ನಾಯಕರಲ್ಲೆಲ್ಲ ಗಂಡಸು ಎಂಬ ಈ ಬಿರುದೇ ಹೇಳುವಂತೆ ಅಂಥ ನಾಯಕರು ಬೇಕಾದಷ್ಟು ಇದ್ದರು. ಗುಡ್ಡಕ್ಕೊಬ್ಬ, ಕಣಿವೆಗೊಬ್ಬ. ಯಾರೂ ತೀರ ದೊಡ್ಡವರಾಗದ ಜಾಗ ಇದು. ಕಣಿವೆಯ ಭತ್ತ ಅಷ್ಟು ದೊಡ್ಡ ಪಡೆಯನ್ನು ಸಾಕದು, ಆಳುಗಳು ಬೆಟ್ಟ ಹತ್ತಿಬಿಡುತ್ತಾರೆ. ಇಲ್ಲಿ ಕೈಗೆ ಸಿಗುವ ಇನ್ನೊಂದು ಆದಾಯ ಹಾದಿ. ಕರಾವಳಿಯ ಉಪ್ಪು ಮೇಲೆ ಬರಬೇಕು, ಮಲೆಯ ಮೆಣಸು, ಅಡಿಕೆ, ಏಲಕ್ಕಿ ಕೆಳಗಿಳಿಯಬೇಕು. ಘಟ್ಟದ ಕಿಂಡಿಗಳು ಕೆಲವೇ. ಬಲ್ಲಾಳರಾಯನ ದುರ್ಗದ ಬುಡದ ಸುಂಕಸಾಲೆಯ ಹೆಸರು ಕೇಳಿದರೆ ಯಾವುದೋ ಕಾಲದಲ್ಲಿ ಎತ್ತಿನ ಹೇರುಗಳನ್ನು ನಿಲ್ಲಿಸಿದ ಕಟ್ಟೆಯೊಂದು ಅಲ್ಲಿದ್ದಿರಬೇಕು ಎನಿಸುತ್ತದೆ. ಹೊಲದವನಿಂದ ಪಾಲು ಕೇಳುವುದಕ್ಕಿಂತ ಹಾದಿಹೋಕನಿಂದ ಕೇಳುವುದು ಸುಲಭ. ಅವನಿಗೆ ಬೇರೆ ದಾರಿಯಿಲ್ಲ.

ಹನ್ನೊಂದನೆಯ ಶತಮಾನದಲ್ಲಿ ನೃಪಕಾಮ, ವಿನಯಾದಿತ್ಯರ ಕಾಲಕ್ಕೆ ಈ ಮಲೆಪರು ಬೇಲೂರು, ದೋರಸಮುದ್ರದ ಬಯಲಿಗೆ ಇಳಿದರು. ಮೆಟ್ಟಿಲು ಉದ್ದವಾದದ್ದು ಅಲ್ಲಿ. ವಿನಯಾದಿತ್ಯನನ್ನು ಹೊಗಳುವ ಶ್ರವಣಬೆಳಗೊಳದ ಶಾಸನವೊಂದು, ಅವನು ಕಟ್ಟಿಸಿದ ಬಸದಿಗಳಿಗಾಗಿ ಇಟ್ಟಿಗೆಯ ಮಣ್ಣು ತೆಗೆದ ಗುಂಡಿಗಳು ಕೆರೆಗಳಾದವು, ಕಲ್ಲು ತೆಗೆದ ಬೆಟ್ಟಗಳು ನೆಲಸಮವಾದವು, ಗಾರೆಯ ಗಾಡಿ ಹೋದ ದಾರಿ ಕೊರಕಲಾಯಿತು ಎನ್ನುತ್ತದೆ. ಕವಿಗೆ ಅದು ಹೊಗಳಿಕೆ. ಗಾಡಿ ಹೊಡೆದವರ ಕಡೆಯಿಂದ ಓದಿದರೆ ಅದು ಕೂಲಿಯ ಲೆಕ್ಕ.

ಅರಸ, ದಂಡನಾಯಕ, ಹೆಗ್ಗಡೆ, ನಾಳ್ಪ್ರಭು, ಗಾವುಂಡ, ಒಕ್ಕಲು. ಈ ಏಣಿಯಲ್ಲಿ ನನಗೆ ಕುತೂಹಲ ಹುಟ್ಟಿಸುವವನು ಗಾವುಂಡ. ಶಾಸನಗಳಲ್ಲಿ ಪ್ರಜೆಗಾವುಂಡ ಎಂದೂ ಇದೆ, ಪ್ರಭುಗಾವುಂಡ ಎಂದೂ ಇದೆ. ಒಂದು ಮುಖದಲ್ಲಿ ಅವನು ಕುಲದ ಹಿರಿಯ, ಮದುವೆ ಮಸಣಕ್ಕೆ ಮುಂದೆ ನಿಲ್ಲುವವನು, ಅಣ್ಣ, ದೊಡ್ಡಪ್ಪ. ಇನ್ನೊಂದು ಮುಖದಲ್ಲಿ ಅರಮನೆಗೆ ತೆರಿಗೆ ಕಟ್ಟಿಸಿಕೊಡುವವನು. ಹೊರಗಿನಿಂದ ಬಂದವನ ಕೈಗೆ ಭತ್ತ ಕೊಡಲು ಜನ ಹಿಂದೆಗೆಯುತ್ತಾರೆ. ದೊಡ್ಡಪ್ಪ ಕೇಳಿದರೆ ಇಲ್ಲವೆನ್ನಲು ನಾಲಿಗೆ ಏಳುವುದಿಲ್ಲ.

ಮೇಲ್ತುದಿಯಲ್ಲೂ ಬಿಡುಗಡೆ ಇರಲಿಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ಕುವರ ಲಕ್ಷ್ಮನ ಕಂಬವಿದೆ. ಎರಡನೆಯ ಬಲ್ಲಾಳನ ಗರುಡನಾಗಿದ್ದ ಈ ದಂಡನಾಯಕ, ಒಡೆಯನ ಜೊತೆಗೇ ಸಾಯುವ ಮಾತಿಗೆ ಕಟ್ಟುಬಿದ್ದು, ಹೆಂಡತಿ ಸುಗ್ಗಲದೇವಿ ಮತ್ತು ಸಾವಿರ ವೀರರೊಡನೆ ಪ್ರಾಣ ಕೊಟ್ಟನೆಂದು ಅದರ ಶಾಸನ ಹೇಳುತ್ತದೆ. ಕಂಬದ ಸುತ್ತ ತಮ್ಮ ತಲೆಯನ್ನು ತಾವೇ ಕಡಿದುಕೊಳ್ಳುವ ವೀರರ ಕೆತ್ತನೆ. ಲಕ್ಷ್ಮ ಆಯ್ದುಕೊಂಡದ್ದನ್ನು ನಂಬೋಣ. ಆ ಸಾವಿರ ಮಂದಿಯಲ್ಲಿ ಬೇಡವೆನ್ನಲು ಎಷ್ಟು ಜನರಿಗೆ ಬಾಯಿತ್ತು?

ಹುಟ್ಟಾಳು, ಮಣ್ಣಾಳು

ಕಳಸದಲ್ಲಿ ಭೈರರಸರು ಬಂದರು, ಘಟ್ಟದ ಮೇಲೆ ಕಳಸ, ಕೆಳಗೆ ಕಾರ್ಕಳ ಎಂದು ಎರಡು ಕಾಲಿನ ಮೇಲೆ ನಿಂತು ಆಳಿದರು. ವಿಜಯನಗರ, ಇಕ್ಕೇರಿ, ಮೈಸೂರು ಎಂದು ಮೇಲಿನವರು ಬದಲಾದರು. ಕಣಿವೆಯೊಳಗೆ ಬದಲಾದದ್ದು ಕಡಿಮೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಲೂಯಿ ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಮಲೆನಾಡಿನ ಎರಡು ಬಗೆಯ ಆಳುಗಳನ್ನು ದಾಖಲಿಸಿದ್ದಾರೆ. ಮನೆಯಲ್ಲಿ ಹುಟ್ಟಿ ಆ ಮನೆತನಕ್ಕೇ ಸೇರಿದವನು ಹುಟ್ಟಾಳು. ಗದ್ದೆ ಮಾರಿದರೆ ಗದ್ದೆಯ ಜೊತೆಗೆ ಕೈಬದಲಾಗುವವನು ಮಣ್ಣಾಳು. ಇಬ್ಬರೂ ಇಂದು ನಾವು ಪರಿಶಿಷ್ಟ ಜಾತಿ ಎನ್ನುವ ಸಮುದಾಯದವರು.

ಕಣಜದ ಸಾಲ ಒಂದೆರಡು ತಲೆಮಾರಿಗೆ ತೀರಬಹುದು, ಬಲವಾದ ಮಗ ಹುಟ್ಟಿದರೆ ತೀರಿಸಿಯಾನು. ಜಾತಿ ಸೇರಿಕೊಂಡ ಮೇಲೆ ತೀರುವ ಮಾತೇ ಇಲ್ಲ. ಬೇರೆ ನಾಡುಗಳ ವರ್ಗದ ಕತೆಗಳನ್ನು ಹಾಗೇ ತಂದು ಇಲ್ಲಿ ಅಂಟಿಸಿದರೆ ಕೂರದಿರುವುದು ಇದಕ್ಕೇ. ಓಡಿಹೋದ ಆಳು ಇನ್ನೊಂದು ಊರಿಗೆ ಹೋದರೂ ಅಲ್ಲಿಯ ಕೇರಿ ಅವನಿಗಾಗಿ ಕಾದಿರುತ್ತದೆ. ದಾರಿ ಇತ್ತು, ತಲುಪುವ ಊರು ಮಾತ್ರ ಒಂದೇ ಆಗಿತ್ತು. 1843ರ ಕಾಯ್ದೆ ಗುಲಾಮಗಿರಿಗೆ ಕಾನೂನಿನ ಮನ್ನಣೆ ತೆಗೆಯಿತು. ಕೇರಿಗೆ ಆ ಸುದ್ದಿ ತಲುಪುವಷ್ಟರಲ್ಲಿ ಬೆಟ್ಟದ ಮೇಲೆ ಕಾಫಿ ಬಂದಿತ್ತು.

ಎರಡನೆಯ ಸಲ

ಬಾಬಾಬುಡನ್ ತಂದ ಬೀಜಗಳ ಐತಿಹ್ಯ ಹದಿನೇಳನೆಯ ಶತಮಾನದ್ದು. ತೋಟಗಾರಿಕೆ ದೊಡ್ಡ ವ್ಯಾಪಾರವಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಚಿಕ್ಕಮಗಳೂರಿನಲ್ಲಿ ಕ್ಯಾನನ್, ಮಂಜರಾಬಾದಿನಲ್ಲಿ ಗ್ರೀನ್, ಐವತ್ತರ ದಶಕದಲ್ಲಿ ಬಂದ ಎಲಿಯಟ್ ಮೊದಲಾದ ದೊರೆಗಳಿಂದ. ನನಗಿಲ್ಲಿ ಬೇಕಾದದ್ದು ಒಂದೇ ಸಂಗತಿ: ಸಾವಿರ ವರ್ಷ ಬೆಲೆಯಿಲ್ಲದಿದ್ದ ಇಳಿಜಾರಿಗೆ ಬೆಲೆ ಬಂತು. ಬೈಲುಗದ್ದೆ ಹಿಡಿದವನು ಧಣಿಯಾಗಿದ್ದ ಕಾಲದಲ್ಲಿ ಕಾನು, ಗೋಮಾಳ, ಗುಡ್ಡ ಯಾರದೂ ಆಗಿರಲಿಲ್ಲ, ಎಲ್ಲರದೂ ಆಗಿತ್ತು. ಈಗ ಅದೇ ಗುಡ್ಡಕ್ಕೆ ಅರ್ಜಿ, ಮಂಜೂರಾತಿ, ಸರ್ವೆ ಕಲ್ಲು, ಬೇಲಿ ಬಂದವು. ದೊರೆಗಳ ಹಿಂದೆಯೇ ಊರಿನ ಗೌಡ, ಪಟೇಲ ಮನೆತನಗಳೂ ತೋಟ ಮಾಡಿದವು. ಇತಿಹಾಸಪೂರ್ವ ಕಾಲದಲ್ಲಿ ನಡೆದಿರಬೇಕು ಎಂದು ನಾವು ಊಹಿಸುವುದು ಇಲ್ಲಿ ರಶೀದಿ, ಕಡತ, ಮುದ್ರೆಯ ಸಮೇತ ಎರಡನೆಯ ಸಲ ನಡೆಯಿತು.

ಉಳಿದ ಕಾಡನ್ನು ಸರ್ಕಾರ ತೆಗೆದುಕೊಂಡಿತು. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಕುಮರಿಯ ಮೇಲೆ ನಿರ್ಬಂಧಗಳು ಬಿಗಿಯಾಗುತ್ತ ಹೋದವು. 1900ರಲ್ಲಿ ಮೈಸೂರು ಅರಣ್ಯ ರೆಗ್ಯುಲೇಷನ್ ಬಂತು. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವಾಯಿತು. ಕಾಡು ಉಳಿಯಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ, ಉಳಿಯದೆ ಹೋದರೆ ಹೇಮಾವತಿಯೂ ಇಲ್ಲ, ಭದ್ರೆಯೂ ಇಲ್ಲ. ಆದರೆ ಬೆಟ್ಟ ಹತ್ತಿ ತಪ್ಪಿಸಿಕೊಳ್ಳುವ ಹಳೆಯ ದಾರಿಗೆ ಕೊನೆಯ ಗೇಟು ಬಿದ್ದದ್ದು ಹೀಗೆ.

ಅದರ ಮೇಲೊಂದು ಬೀಗವೂ ಬಿತ್ತು. ಘಟ್ಟದ ಕೆಳಗಿನಿಂದ, ಬಯಲುಸೀಮೆಯಿಂದ ಆಳುಗಳನ್ನು ಕರೆತರಲು ಮೇಸ್ತ್ರಿಗಳ ಕೈಯಲ್ಲಿ ಮುಂಗಡ ಕೊಡುತ್ತಿದ್ದರು. ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಮೂರು ತಿಂಗಳವರೆಗೆ ಜೈಲಿಗೆ ಹಾಕಿಸಲು 1859ರ ಕರಾರು ಭಂಗ ಕಾಯ್ದೆಯಲ್ಲಿ ಅವಕಾಶವಿತ್ತು. ದಕ್ಷಿಣ ಭಾರತದ ಕಾಫಿ, ಟೀ ತೋಟಗಳವರು ಅದನ್ನು ಧಾರಾಳವಾಗಿ ಬಳಸಿದರು. ಅದು ರದ್ದಾದದ್ದು 1925ರಲ್ಲಿ. ಕಣಜದ ಕೊಳಗ ಮಾಡುತ್ತಿದ್ದ ಕೆಲಸವನ್ನು ಈಗ ಸರ್ಕಾರಿ ಮುದ್ರೆಯ ಕಾಗದ ಮಾಡಿತು.

ತೋಟದ ಮನೆಗಳಲ್ಲಿ ಮೆಟ್ಟಿಲು ಕಣ್ಣಿಗೇ ಕಾಣುತ್ತಿತ್ತು. ಒಳಗೆ ಬರುವವರು ಯಾರು, ಜಗಲಿಯಲ್ಲಿ ಕೂರುವವರು ಯಾರು, ಜಗಲಿಯ ಕೆಳಗೆ ನಿಲ್ಲುವವರು ಯಾರು, ಅಂಗಳದಾಚೆಯಿಂದಲೇ “ಅಯ್ಯಾ” ಎಂದು ಕೂಗಬೇಕಾದವರು ಯಾರು ಎಂಬುದನ್ನು ಯಾರೂ ಬರೆದಿಟ್ಟಿರಲಿಲ್ಲ, ಯಾರೂ ತಪ್ಪುತ್ತಲೂ ಇರಲಿಲ್ಲ. ರೈಟರು ಜಗಲಿಯ ಅಂಚಿನವರೆಗೆ, ಮೇಸ್ತ್ರಿ ಅಂಗಳದವರೆಗೆ, ಕೂಲಿಯಾಳುಗಳಾದ ಲೈನುಮನೆಯವರು ಅದರಾಚೆ.

ಸ್ವಾತಂತ್ರ್ಯದ ನಂತರ 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆ ಬಂತು, ತೋಟದಲ್ಲಿ ಮನೆ, ನೀರು, ಔಷಧಿ ಕೊಡಬೇಕೆಂದಿತು. 1976ರಲ್ಲಿ ಜೀತ ರದ್ದಾಯಿತು. ಇವೆರಡರ ನಡುವೆ, 1974ರ ಮಾರ್ಚ್ 1ರಂದು, ದೇವರಾಜ ಅರಸರ ಭೂಸುಧಾರಣೆ ಜಾರಿಗೆ ಬಂತು. ಗೇಣಿಗೆ ಗದ್ದೆ ಮಾಡುತ್ತಿದ್ದವರು ಡಿಕ್ಲರೇಷನ್ ಹಾಕಿ ಒಡೆಯರಾದರು. ಮಲೆನಾಡಿನ ಕಣಿವೆಗಳಲ್ಲಿ ಸಾವಿರ ವರ್ಷದ ಒಂದು ಮೆಟ್ಟಿಲು ನಿಜವಾಗಿ ಮುರಿದದ್ದು ಆಗಲೇ, ಇದನ್ನು ಯಾವ ಹಿಂಜರಿಕೆಯೂ ಇಲ್ಲದೆ ಹೇಳಬೇಕು. ಆದರೆ ಕಾಫಿ, ಏಲಕ್ಕಿ, ಟೀ, ರಬ್ಬರು ತೋಟಗಳನ್ನು ಕಾಯ್ದೆಯಿಂದ ಹೊರಗಿಟ್ಟಿದ್ದರು. ಹಾಗಾಗಿ ಒಂದೇ ಊರಿನಲ್ಲಿ ಬೈಲಿನ ಗೇಣಿದಾರ ಭೂಮಿ ಪಡೆದ, ಗುಡ್ಡದ ಮೇಲೆ ಕಾಫಿ ಕುಯ್ಯುವವನು ಲೈನಿನಲ್ಲೇ ಉಳಿದ. ಮೊದಲ ಸಲದ ವರ್ಗಕ್ಕೆ ಮದ್ದು ಸಿಕ್ಕಿತು, ಎರಡನೆಯದಕ್ಕೆ ಸಿಗಲಿಲ್ಲ.

ತೋಟದವರೆಲ್ಲ ಒಂದೇ ಅಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಇಲ್ಲಿನ ಹಿಡುವಳಿಗಳಲ್ಲಿ ಬಹುಪಾಲು 10 ಹೆಕ್ಟೇರಿಗಿಂತ ಚಿಕ್ಕವು. ಎರಡೆಕರೆ ರೊಬಸ್ಟಾ ಇಟ್ಟುಕೊಂಡು ಹಂಗಾಮಿನಲ್ಲಿ ಪಕ್ಕದ ತೋಟಕ್ಕೆ ಕೂಲಿಗೆ ಹೋಗುವ ‘ಪ್ಲಾಂಟರು’ ಊರಿಗೆ ನಾಲ್ಕು ಮಂದಿ ಸಿಗುತ್ತಾರೆ.

ಈಚೆಗೆ ಕರ್ನಾಟಕ ಭೂಕಂದಾಯ ಕಾಯ್ದೆಗೆ ತಿದ್ದುಪಡಿಯಾಯಿತು. ಕೊಡಗು, ಹಾಸನ, ಚಿಕ್ಕಮಗಳೂರಿನಲ್ಲಿ ಸರ್ಕಾರಿ ಜಮೀನು ಒತ್ತುವರಿ ಮಾಡಿ ತೋಟ ಎಬ್ಬಿಸಿದವರಿಗೆ 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡಲು ಅದರಲ್ಲಿ ದಾರಿಯಿದೆ. ಒತ್ತುವರಿದಾರರಲ್ಲಿ ಒಂದೆರಡೆಕರೆಯ ಬಡವರೂ ಇದ್ದಾರೆ ಎಂಬುದು ನಿಜ. ಮೊದಲು ಮನೆ ಕಟ್ಟಲು ಜಾಗವಿಲ್ಲದವರಿಗೆ ನಿವೇಶನ ಕೊಡಿ ಎಂಬ ದಲಿತ ಸಂಘಟನೆಗಳ ಕೂಗೂ ನ್ಯಾಯದ್ದೇ. ಹಿಡಿದುಕೊಂಡದ್ದು ಹಕ್ಕಾಗುವುದನ್ನು ನೋಡಲು ಹಲ್ಮಿಡಿಯ ಕಲ್ಲಿನವರೆಗೆ ಹೋಗಬೇಕಿಲ್ಲ, ತಾಲ್ಲೂಕು ಕಚೇರಿಯ ಕಡತ ಸಾಕು.

ಈ ನಡುವೆ ಯಾರೂ ಯೋಜಿಸದ ಒಂದು ಸಂಗತಿ ನಡೆದಿದೆ. ಬೆಟ್ಟದ ಮೇಲಕ್ಕೆ ಮುಚ್ಚಿದ ದಾರಿ ಕೆಳಕ್ಕೆ ತೆರೆದುಕೊಂಡಿದೆ. ಲೈನುಮನೆಯಲ್ಲಿ ಹುಟ್ಟಿದ ಹುಡುಗ ಹುಡುಗಿಯರು ಎಸ್ಸೆಸ್ಸೆಲ್ಸಿ, ಐಟಿಐ ಮುಗಿಸಿ ಕೊಟ್ಟಿಗೆಹಾರದಲ್ಲಿ ಬಸ್ಸು ಹತ್ತಿ ಬೆಂಗಳೂರು, ಮಂಗಳೂರು ಸೇರುತ್ತಾರೆ. ಗಾರ್ಮೆಂಟ್ಸು, ಡೆಲಿವರಿ, ಕಾರು ಓಡಿಸುವುದು, ಏನಾದರೂ ಸರಿ. ಅಲ್ಲಿಯೂ ಮೆಟ್ಟಿಲುಗಳಿವೆ, ಆದರೆ ಬೇಡವಾದರೆ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗಬಹುದು. ಖಾಲಿಯಾದ ಲೈನುಗಳಿಗೆ ಈಗ ಅಸ್ಸಾಂ, ಜಾರ್ಖಂಡಿನ ಕುಟುಂಬಗಳು ಬಂದಿವೆ. ಮುಂಗಡ ಇನ್ನೂ ನಡೆಯುತ್ತದೆ, ಈಗ ಫೋನಿನಲ್ಲೇ ಹೋಗುತ್ತದೆ. ಓಡಿಹೋದವನನ್ನು ಜೈಲಿಗೆ ಹಾಕಿಸುವ ಕಾಯ್ದೆ ಮಾತ್ರ ಇಲ್ಲ. ಪಕ್ಕದ ತೋಟದಲ್ಲಿ ಕಿಲೋ ಹಣ್ಣಿಗೆ ಐವತ್ತು ಪೈಸೆ ಹೆಚ್ಚೆಂದು ತಿಳಿದರೆ ಗುಂಪಿಗೆ ಗುಂಪೇ ರಾತ್ರೋರಾತ್ರಿ ಗಂಟುಮೂಟೆ ಕಟ್ಟುತ್ತದೆ. ಆಗ ಸಾಹುಕಾರರು ಅಂಗಳ ದಾಟಿ, ತಾವೇ ಲೈನಿನವರೆಗೆ ನಡೆದುಹೋಗಿ, ಬಾಗಿಲ ಮುಂದೆ ನಿಂತು ರೇಟು ಮಾತಾಡುತ್ತಾರೆ. ಡಿಸೆಂಬರಿನಲ್ಲಿ ಹಣ್ಣು ಗಿಡದಲ್ಲೇ ಒಣಗುತ್ತಿರುವಾಗ ಮೇಸ್ತ್ರಿಯ ಫೋನು ಸ್ವಿಚ್ ಆಫ್ ಬಂದರೆ ಅವರ ಮುಖ ನೋಡಬೇಕು.